ಕೆಂಪು ಚಿಂದಿ ಕಟ್ಟಿದ ಬಾಟಲಿ

ಸುಟ್ಟ ವಾಸನೆ ಬಂದಾಗ ನಾನು ಮೊದಲು ನೋಡಿದ್ದು ಪ್ಯಾಂಟನ್ನು.

ಬ್ಯಾಂಕಿಗೆ ಹೊಸದಾಗಿ ಬಂದ ಗುಮಾಸ್ತರೊಬ್ಬರ ಟೆರಿಕಾಟ್ ಪ್ಯಾಂಟು ಅದು. ಪಾದದ ಹತ್ತಿರ ಗಂಟೆಯ ಹಾಗೆ ಅಗಲವಾಗಿರಬೇಕು ಎಂದು ಮೂರು ಸಲ ಬಂದು ಹೇಳಿ ಹೋಗಿದ್ದರು. ಟೆರಿಕಾಟಿಗೆ ಕೆಂಡದ ಇಸ್ತ್ರಿ ಒಂದು ಗಳಿಗೆ ಹೆಚ್ಚು ತಾಗಿದರೂ ಮುಗಿಯಿತು. ಇಸ್ತ್ರಿಯನ್ನು ಪಕ್ಕಕ್ಕಿಟ್ಟು, ಪ್ಯಾಂಟನ್ನು ಬೆಳಕಿಗೆ ಹಿಡಿದು, ಎರಡೂ ಕಾಲು ತಿರುವಿ ನೋಡಿದೆ. ಏನೂ ಆಗಿರಲಿಲ್ಲ. ಬದುಕಿದೆ ಎಂದುಕೊಂಡೆ.

ವಾಸನೆ ಮಾತ್ರ ಹೋಗಲಿಲ್ಲ.

ಎಡಗೈಯ ಕಿರುಬೆರಳು. ಹೊರಮಗ್ಗುಲಿನ ಚರ್ಮ ಬೆಂದು ಬೆಳ್ಳಗಾಗಿ ಎದ್ದಿತ್ತು. ನೋಡಿದೆ. ಊದಿದೆ. ಊದಿದ್ದು ಬರೀ ಅಭ್ಯಾಸದಿಂದ ಎಂದು ಆಮೇಲೆ ಗೊತ್ತಾಯಿತು. ಉರಿ ಇರಲೇ ಇಲ್ಲ.

ನೋವಾಗಲಿಲ್ಲ ಎಂದು ನಾನು ಹೆದರಿದ್ದು ಅದೇ ಮೊದಲು.

ಹೆದರಿಕೆ ನನಗೆ ಹೊಸದಲ್ಲ. ಬೈಲಹೊಂಗಲದ ಪೇಟೆಯಲ್ಲಿ ಇಪ್ಪತ್ತು ವರ್ಷದಿಂದ ಟೇಲರ್ ಅಂಗಡಿ ಇಟ್ಟವನು ನಾನು. ಇಷ್ಟು ವರ್ಷದಲ್ಲಿ ಹೊಲಿದ ಅಂಗಿಗಳಷ್ಟೇ ರೋಗಗಳನ್ನೂ ನನ್ನ ಮೈಗೆ ಹೊಲಿದುಕೊಂಡಿದ್ದೇನೆ. ಒಮ್ಮೆ ಎದೆ ಹಿಡಿದುಕೊಂಡಿತು, ಹಾರ್ಟ್ ಅಟ್ಯಾಕ್ ಎಂದುಕೊಂಡೆ, ಗ್ಯಾಸ್ ಆಗಿತ್ತು. ಒಮ್ಮೆ ಕೆಮ್ಮು ಬಿಡಲಿಲ್ಲ, ಟಿ.ಬಿ. ಎಂದುಕೊಂಡೆ, ಓಣಿಯ ಆಚೆಯ ಹತ್ತಿಯ ಜಿನ್ನಿಂಗ್ ಮಿಲ್ಲಿನಿಂದ ಹಾರಿ ಬರುವ ಅರಳೆಯ ದೂಳಾಗಿತ್ತು. ತಲೆಯಲ್ಲಿ ಗಡ್ಡೆ ಬೆಳೆದಿದೆ ಎಂದು ಮೂರು ತಿಂಗಳು ಅನ್ನ ಬಿಟ್ಟವನಿಗೆ ಕೊನೆಗೆ ಬೇಕಾದದ್ದು ಕಣ್ಣಿಗೆ ಒಂದು ಚಾಳೀಸು. ಪ್ರತಿ ಸಲವೂ ನಮ್ಮ ಡಾಕ್ಟರು ಬೆನ್ನು ತಟ್ಟಿ, “ಬಸಣ್ಣ, ನೀವು ನಮ್ಮನ್ನೆಲ್ಲಾ ಮಣ್ಣಿಗಿಟ್ಟ ಹೋಗತೀರಿ” ಎಂದು ಕಳಿಸುತ್ತಿದ್ದರು.

ಆ ದಿನ ಅಂಗಡಿಯ ಒಳಕೋಣೆಗೆ ಹೋಗಿ ಪರದೆ ಎಳೆದುಕೊಂಡು ಸೂಜಿಯಿಂದ ಬೆರಳುಗಳನ್ನು ಒಂದೊಂದಾಗಿ ಚುಚ್ಚಿಕೊಂಡೆ. ಹೆಬ್ಬೆರಳು ನೊಂದಿತು. ತೋರುಬೆರಳು, ನಡುಬೆರಳು ನೊಂದವು. ಉಂಗುರಬೆರಳು ಅರ್ಧ ನೊಂದಿತು, ಅರ್ಧ ಸುಮ್ಮನಿತ್ತು. ಕಿರುಬೆರಳಿನಲ್ಲಿ ರಕ್ತ ಬಂತು. ಅಷ್ಟೇ.

ಅಂಗಿಯ ತೋಳು ಮಡಚಿದೆ. ಮೊಣಕೈಯ ಕೆಳಗೆ ರೂಪಾಯಿಯಗಲದ ಮಸಕು ಕಲೆ. ಅದು ಆರು ತಿಂಗಳಿಂದ ಅಲ್ಲೇ ಇತ್ತು. ಸಿಬ್ಬ ಎಂದು ಲಿಂಬೆಹಣ್ಣು ಉಜ್ಜಿದ್ದೆ. ಈಗ ಅಲ್ಲಿಯೂ ಸೂಜಿ ಊರಿದೆ.

ಅಲ್ಲಿಯೂ ಸುಮ್ಮನಿತ್ತು.

ನಮ್ಮ ಕಡೆ ಆ ರೋಗದ ಹೆಸರು ಹೇಳುವುದಿಲ್ಲ. “ದೊಡ್ಡ ಬ್ಯಾನಿ” ಅನ್ನುತ್ತಾರೆ, ಅದೂ ತಗ್ಗಿದ ದನಿಯಲ್ಲಿ. ಕುಷ್ಠ ಎಂಬ ಅಕ್ಷರವನ್ನು ಇಲ್ಲಿ ಬರೆಯುವಾಗಲೂ ನನ್ನ ಪೆನ್ನು ಒಂದು ಗಳಿಗೆ ನಿಂತಿತು. ಸತ್ತೇನೆಂಬ ಹೆದರಿಕೆ ನನಗೆ ಆಗಲಿಲ್ಲ. ಸಾಯುವುದನ್ನು ಬಹಳ ಸಲ ಅಭ್ಯಾಸ ಮಾಡಿದ್ದೆ. ಹೆದರಿಕೆ ಆದದ್ದು ಬೇರೆಯದಕ್ಕೆ. ಇಂಥ ಕೈ ಮುಟ್ಟಿ ಹೊಲಿದ ಅಂಗಿಯನ್ನು ಯಾರು ಮೈಮೇಲೆ ಹಾಕಿಕೊಳ್ಳುತ್ತಾರೆ? ಸುದ್ದಿ ಒಂದು ಸಲ ಪೇಟೆಗೆ ಬಿದ್ದರೆ ಅಂಗಡಿಯ ಬಾಗಿಲು ಹಾಕಬೇಕು. ಹೈಸ್ಕೂಲಿನಲ್ಲಿ ಓದುವ ಮಗಳಿಗೆ ನಾಳೆ ಯಾರ ಮನೆಯವರು ಬರುತ್ತಾರೆ?

ಆದ್ದರಿಂದ ಡಾಕ್ಟರರ ಎದುರು ಒಬ್ಬನೇ ಕೂಡಬೇಕು. ಐದು ನಿಮಿಷ ಸಾಕು. ಪರದೆಯ ಒಳಗೆ, ಬಾಗಿಲು ಹಾಕಿಕೊಂಡು, ಮೆಲ್ಲಗೆ ಹೇಳಬೇಕು.

ಆ ಐದು ನಿಮಿಷ ಸಿಗಲು ನನಗೆ ಮೂರು ವಾರ ಹಿಡಿಯಿತು. ಅದಕ್ಕೆ ಕಾರಣನಾದ ಮನುಷ್ಯನಿಗೆ ನಾನು ಏನು ಮಾಡಿದೆ ಎಂಬುದನ್ನೂ ಇದರಲ್ಲೇ ಬರೆಯುತ್ತೇನೆ. ಮುಚ್ಚಿಡುವುದಿಲ್ಲ.

ನಮ್ಮ ಡಾಕ್ಟರರ ದವಾಖಾನೆಯಲ್ಲಿ ನಂಬರು ಹಚ್ಚುವುದು ಬಾಟಲಿಯಿಂದ. ಔಷಧಕ್ಕೆ ಬಾಟಲಿ ಮನೆಯಿಂದಲೇ ತರಬೇಕಲ್ಲ, ಅದನ್ನೇ ಬೆಳಿಗ್ಗೆ ತಂದು ದವಾಖಾನೆಯ ಕಟ್ಟೆಯ ಮೇಲೆ ಸಾಲಿಗಿಟ್ಟು ಹೋಗುವುದು. ಬಾಟಲಿ ನಿಂತಿತೆಂದರೆ ನೀವು ನಿಂತ ಹಾಗೆ. ಗುರುತಿಗೆ ಒಬ್ಬರು ದಾರ ಸುತ್ತುತ್ತಾರೆ, ಒಬ್ಬರು ಮುಚ್ಚಳಕ್ಕೆ ಸುಣ್ಣ ಹಚ್ಚುತ್ತಾರೆ. ನನ್ನ ಹಸಿರು ಬಾಟಲಿಯ ಕುತ್ತಿಗೆಗೆ ಅಂಗಡಿಯ ಕೆಂಪು ಚಿಂದಿ. ಇಡೀ ಪೇಟೆ ಗುರುತಿಸುವ ಬಾಟಲಿ.

ಎಂಟು ಗಂಟೆಗೆ ಕಂಪೌಂಡರ್ ಚನಮಲ್ಲಪ್ಪ ಬರುತ್ತಾರೆ. ಒಂದೊಂದೇ ಬಾಟಲಿ ಎತ್ತಿ, “ಏನ್ ತ್ರಾಸ?” ಎಂದು ಕೂಗುತ್ತಾರೆ. ಬಾಟಲಿಯ ಒಡೆಯ ಅಲ್ಲೇ ಎಲ್ಲರ ಮುಂದೆ ಉತ್ತರ ಹೇಳಬೇಕು. ಅದನ್ನು ಅವರು ಮತ್ತೊಮ್ಮೆ ಕೂಗಿ ವಹಿಯಲ್ಲಿ ಬರೆಯುತ್ತಾರೆ. ನಮ್ಮೂರಿನಲ್ಲಿ ಯಾರಿಗೆ ಮೂಲವ್ಯಾಧಿ, ಯಾರ ಸೊಸೆಗೆ ಮುಟ್ಟು ನಿಂತಿದೆ ಎಂಬುದು ಹಾಗೆಯೇ ಗೊತ್ತಾಗುತ್ತದೆ. ದೇವರು ಕಂಪೌಂಡರರಿಗೆ ಒಂದೇ ದನಿ ಕೊಟ್ಟಿದ್ದ, ಅದೂ ಹೊಲದ ಆಚೆ ಇದ್ದವರನ್ನು ಕರೆಯುವಂಥದ್ದು. ಉತ್ತರ ಕೇಳಿದ ಮೇಲೆ ಬಾಟಲಿಗಳ ಸಾಲನ್ನು ತಮ್ಮ ತೀರ್ಪಿನ ಪ್ರಕಾರ ಬದಲಿಸುತ್ತಾರೆ. ಜ್ವರದ ಕೂಸುಗಳು ಮುಂದೆ. ವಾಂತಿ ಭೇದಿ ಆಮೇಲೆ. ಮುದುಕರು ನಡುವೆ. ಎಲ್ಲಕ್ಕೂ ಹಿಂದೆ, ಗೋಡೆಯ ಮೂಲೆಗೆ, ಅವರೇ ಹೆಸರಿಟ್ಟ ಒಂದು ಜಾತಿ: ಸಂಶಯದ ಬಾಟಲಿಗಳು.

ಆ ಜಾತಿಯಲ್ಲಿ ಹೆಚ್ಚಾಗಿ ನನ್ನದೊಂದೇ ಇರುತ್ತಿತ್ತು.

ಮೊದಲ ದಿನ ಸೂರ್ಯ ಹುಟ್ಟುವ ಮೊದಲೇ ಹೋಗಿ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಬಾಟಲಿ ಇಟ್ಟೆ. ಎಂಟಕ್ಕೆ ಕಂಪೌಂಡರರು ಕೆಂಪು ಚಿಂದಿ ಹಿಡಿದು ಎತ್ತಿದರು.

“ಬಸಣ್ಣ! ಏನ್ ತ್ರಾಸ?”

“ಒಳಗ ಹೇಳತೇನ್ರಿ.”

“ಒಳಗ ಹೇಳೂದು ಡಾಕ್ಟರಗ. ಹೊರಗ ಹೇಳೂದು ನನಗ. ಏನ್ ತ್ರಾಸ?”

ಕಟ್ಟೆಯ ಮೇಲೆ ಇಪ್ಪತ್ತು ಜನ. ದೊಡವಾಡದಿಂದ ಮೊದಲನೇ ಬಸ್ಸಿಗೆ ಬಂದಿದ್ದ ಒಬ್ಬ ಅಜ್ಜಿ ನನ್ನ ಬಾಯನ್ನೇ ನೋಡುತ್ತಿದ್ದಳು.

“ಸ್ವಲ್ಪ ಖಾಸಗಿ ಐತ್ರಿ.”

ತಪ್ಪು ಮಾಡಿದೆ. ಖಾಸಗಿ ಎಂದರೆ ಜನ ಏನೆಂದು ತಿಳಿಯುತ್ತಾರೆ ಎಂಬುದು ಹೇಳಿದ ಮೇಲೆ ಹೊಳೆಯಿತು.

“ಈ ವಯಸ್ಸಿನ್ಯಾಗ?” ಎಂದಳು ಅಜ್ಜಿ. “ಹೆಂಡ್ತಿ ಇದ್ದಾಳೋ ಇಲ್ಲೋ, ಯಪ್ಪಾ?”

ಕಟ್ಟೆ ನಕ್ಕಿತು. ಕಂಪೌಂಡರರೂ ನಕ್ಕರು. ನಗುತ್ತಲೇ ನನ್ನ ಬಾಟಲಿಯನ್ನು ಮೂಲೆಗೆ ಒಯ್ದು ಇಟ್ಟರು. ಹನ್ನೆರಡು ಗಂಟೆಗೆ ಡಾಕ್ಟರು ಸ್ಕೂಟರ್ ಹತ್ತಿದರು. ನನ್ನ ಬಾಟಲಿ ಮೂಲೆಯಲ್ಲೇ ಇತ್ತು.

ಮರುದಿನ ಉಪಾಯ ಮಾಡಿದೆ. ಭೇದಿಯವರನ್ನು ಮುಂದೆ ಬಿಡುತ್ತಾರಲ್ಲ, ನನಗೂ ಭೇದಿ ಎಂದುಬಿಟ್ಟೆ. “ಭೇದಿ! ಎಷ್ಟ ಸಲ?” ಎಂದು ಕೂಗಿದರು. ಅಳೆದು ಸುರಿದು “ಏಳು” ಎಂದೆ. “ಏಳು!” ಎಂದು ಪೇಟೆಗೆಲ್ಲ ಸಾರಿದರು. ಬಾಟಲಿ ಮುಂದೆ ಹೋಯಿತು. ನಾನು ಗೆದ್ದೆ ಎಂದುಕೊಂಡು ಧೋತರ ಸರಿಮಾಡಿಕೊಂಡೆ.

ಹತ್ತು ನಿಮಿಷಕ್ಕೆ ಕಿಟಕಿಯಿಂದ ಬಾಟಲಿ ಹೊರಗೆ ಬಂತು. ಒಳಗೆ ಸುಣ್ಣದ ನೀರಿನಂಥ ಮಿಕ್ಸ್ಚರ್. ಹೊರಗೆ ಮೂರು ಡೋಸಿನ ಗುರುತು ಕತ್ತರಿಸಿದ ಕಾಗದದ ಪಟ್ಟಿ.

“ಡಾಕ್ಟರು?” ಎಂದೆ.

“ಭೇದಿಗೆ ಡಾಕ್ಟರ್ ಯಾಕ್ರಿ? ನಾ ಇದ್ದೀನಲ್ಲ. ಮಜ್ಜಿಗಿ ಅನ್ನ ಉಣ್ರಿ, ಹೋಗ್ರಿ.”

ಮೂರನೆಯ ದಿನ ಕೆಂಪು ಚಿಂದಿ ಬಿಚ್ಚಿಟ್ಟು ಹೆಂಡತಿ ನೀಲವ್ವನ ಬಾಟಲಿ ಒಯ್ದೆ. ಕಂಪೌಂಡರರು ಅದನ್ನು ಕಂಡ ಕೂಡಲೇ ಗುರುತಿಸಿದರು, ಏನೂ ಕೇಳಲಿಲ್ಲ. ಅವಳು ಪ್ರತಿ ತಿಂಗಳೂ ಒಯ್ಯುವ ರಕ್ತದ ಟಾನಿಕ್ಕನ್ನು ತುಂಬಿ, “ನೀಲವ್ವಕ್ಕಗ ಹೇಳ್ರಿ, ಊಟಾದ ಮ್ಯಾಲ ಕುಡೀಬೇಕು” ಎಂದು ಕೈಗಿತ್ತರು. ಎದೆನೋವು ಎಂದು ಹೇಳಿ ಒಳಗೆ ನುಗ್ಗುವ ಹಾಗಿರಲಿಲ್ಲ. ಆ ಮಾತನ್ನು ನಾನು ಹತ್ತಾರು ಸಲ ಉಟ್ಟು ಸವೆಸಿಬಿಟ್ಟಿದ್ದೆ.

ಬೇರೆ ದಾರಿ ಹುಡುಕಲಿಲ್ಲ ಎಂದು ತಿಳಿಯಬೇಡಿ. ಸರಕಾರಿ ದವಾಖಾನೆಯಲ್ಲಿ ಆ ರೋಗದವರಿಗೆ ಬೇರೆ ಸಾಲು. ಅಲ್ಲಿ ನಿಂತರೆ ಹಣೆಗೆ ರೋಗದ ಹೆಸರಿನ ಕಾಗದ ಹಚ್ಚಿಕೊಂಡು ನಿಂತ ಹಾಗೆ. ಧಾರವಾಡಕ್ಕೆ ಹೋಗೋಣ ಎಂದು ಒಂದು ದಿನ ಬಸ್ ಹತ್ತಿಯೂ ಕುಳಿತೆ. ಹಿಂದಿನ ಸೀಟಿನಿಂದ ನನ್ನದೇ ಗಿರಾಕಿಯೊಬ್ಬರು, “ಟೇಲರಣ್ಣಾ, ಧಾರವಾಡದಾಗ ಏನ್ ಕೆಲಸ?” ಎಂದರು. ದಾರದ ಉಂಡೆ ತರುವುದಿದೆ ಎಂದು ಹೇಳಿ ನಡುದಾರಿಯ ದೊಡವಾಡದಲ್ಲೇ ಇಳಿದು ತಿರುಗಿ ಬಂದೆ. ಡಾಕ್ಟರರ ಮನೆಗೆ ಹೋದರೆ ಅವರ ಹೆಂಡತಿ ಬಾಗಿಲಲ್ಲೇ, “ಮನ್ಯಾಗ ನೋಡೂದಿಲ್ಲಪಾ, ಕಂಪೌಂಡರ್ ಕಡೆ ನಂಬರ ಹಚ್ಚು” ಎಂದರು. ಮಂಗಳವಾರ ಯರಗಟ್ಟಿಗೆ ಹೊರಟ ಡಾಕ್ಟರರ ಸ್ಕೂಟರ್ ಅಂಗಡಿಯ ಮುಂದೆ ಬಂದಾಗ ಕೊರಳಲ್ಲಿ ಟೇಪು ಹಾಕಿಕೊಂಡೇ ಓಡಿದೆ. ಅವರು ನಿಲ್ಲಿಸದೆ ಕೈ ಎತ್ತಿದರು.

“ಏನ್ ಬಸಣ್ಣ, ಗಡ್ಡಿ ಎಷ್ಟ ದೊಡ್ಡದಾತು? ನಂಬರ ಹಚ್ಚಿ ಬರ್ರಿ!”

ಸ್ಕೂಟರಿನ ಹೊಗೆಯಲ್ಲಿ ನಿಂತುಕೊಂಡು ನಾನು ಒಂದು ನಿರ್ಧಾರಕ್ಕೆ ಬಂದೆ. ಡಾಕ್ಟರರ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟು ಧೈರ್ಯ ನನಗಿರಲಿಲ್ಲ. ನಾಳೆ ಬದುಕಿಸಬೇಕಾದವರು ಅವರೇ. ಸಿಟ್ಟನ್ನೆಲ್ಲ ಉಂಡೆ ಮಾಡಿ ಚನಮಲ್ಲಪ್ಪನ ಹೆಸರಿಗೆ ಬರೆದೆ.

ಮನೆಯಲ್ಲಿ ನಾನು ಉಣ್ಣಲು ಬೇರೆ ಗಂಗಾಳ ಇಟ್ಟುಕೊಂಡೆ. ನೀರಿಗೆ ಬೇರೆ ಚರಿಗೆ. ಹಾಸಿಗೆಯನ್ನು ಅಂಗಡಿಗೆ ತಂದೆ, ಸೆಕೆ ಎಂದು ನೆಪ ಹೇಳಿದೆ. ಮಗಳು ಶಾಲೆಯಿಂದ ಬಂದು ಬೆನ್ನಿಗೆ ಜೋತುಬೀಳುವ ರೂಢಿ. ಎದ್ದು ಮಷೀನಿನ ಆಚೆ ಹೋಗುತ್ತಿದ್ದೆ. ಎರಡು ದಿನ ನೋಡಿದಳು. ಮೂರನೆಯ ದಿನದಿಂದ ಜೋತುಬೀಳುವುದನ್ನು ಬಿಟ್ಟಳು. ಆ ಮೂರನೆಯ ದಿನವನ್ನೂ ಕಂಪೌಂಡರನ ಹೆಸರಿಗೇ ಬರೆದೆ.

ನೀಲವ್ವ ಸುಮ್ಮನಿರುವವಳಲ್ಲ. ಅಂಗಡಿಯ ಒಳಬಾಗಿಲಲ್ಲಿ ಕುಳಿತು ಗುಂಡಿಗಳ ಕಾಜಾ ಹೊಲಿಯುವವಳು ಅವಳೇ. ಇಡೀ ದಿನ ನನ್ನನ್ನು ನೋಡುತ್ತಿರುತ್ತಾಳೆ.

“ಅಲ್ರೀ, ಗಂಗಾಳ ಯಾಕ ಬ್ಯಾರೆ?”

“ಹಿಂಗ.”

“ನಾ ಏನ್ ಮಾಡೇನಿ?”

“ನೀ ಏನೂ ಮಾಡಿಲ್ಲ.”

“ಮತ್ತ ಯಾರ ಮಾಡ್ಯಾರ?”

“ಕಂಪೌಂಡರ!” ಎಂದೆ. ಅವಳಿಗೆ ತಿಳಿಯಲಿಲ್ಲ. ಸಿರಸಂಗಿ ಅವಳ ತವರು. ಅಲ್ಲಿಯ ದೇವಿ ಕಾಳವ್ವನಿಗೆ ಉಡಿ ತುಂಬಿ ಬರುತ್ತೇನೆ, ನಿಮಗೆ ಯಾರದೋ ಕಣ್ಣು ಬಿದ್ದಿದೆ ಎಂದಳು. ಬೆರಳಿನ ಸುಟ್ಟಗಾಯಕ್ಕೆ ಅರಿಷಿಣ ಹಚ್ಚಲು ಕೈ ಚಾಚಿದಳು. ಕೊಡವಿದೆ. ಅವಳ ಮುಖ ನೋಡಲಿಲ್ಲ.

ವಾರ ಕಳೆದ ಮೇಲೆ ಒಂದು ದಿನ ಮಧ್ಯಾಹ್ನ, ಅಂಗಡಿಯ ಮುಂದೆ ಬಗಲಲ್ಲಿ ಬಟ್ಟೆಯ ಗಂಟು ಹಿಡಿದುಕೊಂಡು ಸಾಕ್ಷಾತ್ ಚನಮಲ್ಲಪ್ಪ ಬಂದು ನಿಂತರು.

ಮಗಳ ಮದುವೆ. ಹತ್ತಿರದಲ್ಲೇ. ಮುಚ್ಚಿದ ಕಾಲರಿನ ಕೋಟು ಬೇಕು. ಊರಲ್ಲಿ ಕೋಟಿನ ಕೆಲಸ ಬಲ್ಲವನು ನಾನೊಬ್ಬನೇ.

ನಾನು ಕುಳಿತಲ್ಲಿಂದ ಏಳಲಿಲ್ಲ. ದಾರ ಪೋಣಿಸುತ್ತ, ಓಣಿಯ ಆಚೆಯ ಪಾನಪಟ್ಟಿ ಅಂಗಡಿಯವರೆಗೂ ಕೇಳುವ ಹಾಗೆ ಕೂಗಿದೆ.

“ಏನ್ ತ್ರಾಸ?”

ಅವರಿಗೆ ಅರ್ಥವಾಯಿತೋ ಇಲ್ಲವೋ. “ಕೋಟ್ರಿ” ಎಂದರು.

ಅಳತೆ ತೆಗೆದೆ. ಬರೆದುಕೊಳ್ಳಲು ನೀಲವ್ವ ಎರಡು ಮೊಳದ ದೂರದಲ್ಲೇ ಕುಳಿತಿದ್ದಳು, ಆದರೆ ಆ ದಿನ ಅವಳು ದೂರದ ಸವದತ್ತಿಯಲ್ಲಿ ಇದ್ದಾಳೆ ಎಂಬಂತೆ ಕೂಗಿ ಹೇಳಿದೆ. “ಬರ್ಕೋ! ಎದಿ ಮೂವತ್ತಾರು! ಹೊಟ್ಟಿ... ತಡಿ, ಟೇಪು ಸಾಲವಲ್ದು... ಹೊಟ್ಟಿ ನಲವತ್ತೈದು!”

ಪಾನಪಟ್ಟಿಯ ಮುಂದೆ ನಿಂತವರು ತಿರುಗಿದರು. ಯಾರೋ, “ಹೆರಿಗಿ ಯಾವಾಗ್ರಿ ಕಂಪೌಂಡರ?” ಎಂದರು. ಅವರ ಕಿವಿ ಕೆಂಪಾದವು. ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆ ಎಳೆದುಕೊಂಡರು.

“ಉಸರ ಬಿಡ್ರಿ,” ಎಂದೆ. “ಇಲ್ಲಿ ಸುಳ್ಳ ನಡೆಯೂದಿಲ್ಲ.”

ಅವತ್ತು ಊಟ ರುಚಿಯಾಯಿತು. ಹೇಳಲು ನಾಚಿಕೆಯಿಲ್ಲ.

ನಾಲ್ಕು ದಿನ ಬಿಟ್ಟು ಕೇಳಲು ಬಂದರು. ನಾಳೆ ಬರ್ರಿ ಎಂದೆ. ನಾಳೆ ಬಂದರು. ನಾಡಿದ್ದು ಎಂದೆ. ಬಟ್ಟೆಯನ್ನು ಗೂಟಕ್ಕೆ ನೇತುಹಾಕಿ, ಹೊಸ ಗಿರಾಕಿಗಳ ಬಟ್ಟೆಯನ್ನು ಅವರ ಕಣ್ಣೆದುರೇ ಅದರ ಮುಂದೆ ನೇತುಹಾಕುತ್ತಿದ್ದೆ. ಅವರೂ ಕಡಿಮೆಯವರಲ್ಲ. ಬೆಳಿಗ್ಗೆ ನನ್ನ ಬಾಟಲಿ ಎತ್ತಿ, “ಏನ್ ತ್ರಾಸ?” ಎನ್ನುವರು. ಖಾಸಗಿ ಎನ್ನುವೆ. ಮೂಲೆಗೆ ಇಡುವರು. ಮಧ್ಯಾಹ್ನ ಅವರು ಅಂಗಡಿಗೆ ಬಂದು ಕೋಟು ಎನ್ನುವರು. ನಾಳೆ ಎನ್ನುವೆ. ಹೀಗೆ ಎಂಟು ಹತ್ತು ದಿನ ನಾವಿಬ್ಬರೂ ಒಬ್ಬರನ್ನೊಬ್ಬರು ಸಾಲಿನಲ್ಲಿ ನಿಲ್ಲಿಸಿದೆವು. ವ್ಯತ್ಯಾಸ ಒಂದೇ. ಅವರದು ಕೋಟು. ನನ್ನದು ಬೆರಳು. ದಿನದಿನಕ್ಕೆ ಕಿರುಬೆರಳು ನೆಟ್ಟಗೆ ನಿಲ್ಲದೆ ಒಳಕ್ಕೆ ಬಾಗತೊಡಗಿದಂತೆ ಕಾಣುತ್ತಿತ್ತು. ನಿಜವಾಗಿ ಬಾಗಿತ್ತೋ, ನನ್ನ ಚಿಂತೆಯೇ ಬಾಗಿಸಿತ್ತೋ, ಆಗ ಹೇಳಲಾರದೆ ಹೋದೆ.

ಕಂಪೌಂಡರರಿಗೆ ಕಿವಿಯಲ್ಲಿ ಹೇಳಿದ್ದರೆ ಮುಗಿಯುತ್ತಿತ್ತಲ್ಲ ಎನ್ನಬಹುದು. ಆ ಕಿವಿಯ ಪಕ್ಕದಲ್ಲೇ ಆ ಬಾಯಿತ್ತು.

ಒಂದು ಸಂಜೆ ಕೋಟನ್ನು ಕತ್ತರಿಸಲು ಕುಳಿತೆ. ಸುಣ್ಣದ ಬಳಪ ಹಿಡಿದು ಎಡಬಗಲಿನ ಸುತ್ತನ್ನು ಬರೆಯುವಾಗ ಕೈ ನಿಂತಿತು. ಅಲ್ಲಿ ಅರ್ಧ ಇಂಚು ಒಳಕ್ಕೆ ಹೊಲಿಗೆ ಹಾಕಿದರೆ ಸಾಕು, ನೋಡುವವರಿಗೆ ಏನೂ ಕಾಣುವುದಿಲ್ಲ, ಹಾಕಿಕೊಂಡವನಿಗೆ ಮಾತ್ರ ತೋಳು ಎದೆಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಸಾಲಿನಲ್ಲಿದ್ದ ನನ್ನ ಬಾಟಲಿಯನ್ನು ಎತ್ತಿ ಮೂಲೆಗಿಟ್ಟ ಕೈ ಅದು. ಎಡಗೈಯೇ, ಬಲಗೈಯಲ್ಲಿ ಪೆನ್ನು ಇರುತ್ತದೆ. ಗುರುತು ಹಾಕಿದೆ. ಅರ್ಧ ಇಂಚು ಒಳಕ್ಕೆ.

ಟ್ರಾಯಲ್ ನೋಡಲು ಬಂದರು. ಕಚ್ಚಾ ಹೊಲಿಗೆಯ ಕೋಟು ತೊಡಿಸಿದೆ. ಬಲಗೈಯ ಬೆರಳುಗಳ ನಡುವೆ ನಾಲ್ಕೈದು ಗುಂಡುಸೂಜಿ ಹಿಡಿದುಕೊಂಡು, ಎಡಗೈಯಿಂದ ಬಟ್ಟೆ ಎಳೆದು ಹಿಡಿದು ಚುಚ್ಚುತ್ತಿದ್ದೆ.

“ಬಗಲಾಗ ಬಿಗಿ ಆಗೇತಿ.”

“ಕೋಟ್ ಅಂದ್ರ ಹಂಗರಿ. ಇದೇನ ಸಡಲ ಬಾರಾಬಂದಿ ಅಂಗಿ ಅಲ್ಲ.”

“ಕೈ ಏಳವಲ್ದು, ಬಸಣ್ಣ.”

“ಮದವಿ ದಿನ ಕೈ ಯಾಕ ಎತ್ತತೀರಿ? ಬಾಟ್ಲಿ ಎತ್ತೂದೈತೇನು?” ಎಂದೆ, ಓಣಿಗೆ ಕೇಳುವ ಹಾಗೆ. ಪಾನಪಟ್ಟಿಯವರು ಮತ್ತೆ ತಿರುಗಿದರು. ನನಗೆ ಉಮೇದು ಬಂತು. “ಹೊಟ್ಟಿ ಮತ್ತೊಮ್ಮಿ ನೋಡೋಣು, ಬೆಳದಿರತೈತಿ ನಾಲ್ಕ ದಿನದಾಗ. ನೀಲಾ, ಬರ್ಕೋ...”

ಚನಮಲ್ಲಪ್ಪ ನಗಲೂ ಇಲ್ಲ, ಕೆಂಪೂ ಆಗಲಿಲ್ಲ. ನನ್ನ ಎಡಗೈಯನ್ನು ನೋಡುತ್ತಿದ್ದರು.

ಗುಂಡುಸೂಜಿ ನನ್ನ ಕಿರುಬೆರಳಿನಲ್ಲಿ ನಿಂತಿತ್ತು.

ಬಟ್ಟೆ ದಾಟಿ, ಬೆರಳಿನ ಈ ಕಡೆಯಿಂದ ಹೊಕ್ಕು ಅರ್ಧ ಒಳಗೆ ಹೋಗಿತ್ತು. ಅವರ ಕೋಟಿನ ಅಂಚಿಗೆ ರಕ್ತದ ಒಂದು ಹನಿ ಹತ್ತಿತ್ತು. ನಾನು ಅವರ ಹೊಟ್ಟೆಯ ಅಳತೆ ಕೂಗುತ್ತಲೇ ಇದ್ದೆ.

ಅವರು ಓಣಿಯ ಕಡೆಗೆ ಬೆನ್ನು ಮಾಡಿ, ನನ್ನನ್ನು ಮರೆಮಾಡುವ ಹಾಗೆ ನಿಂತರು. ಮೆಲ್ಲಗೆ ನನ್ನ ಬೆರಳು ಹಿಡಿದು ಸೂಜಿಯನ್ನು ಎಳೆದರು. ನನ್ನ ಮುಖ ನೋಡಿದರು. ಅಂಗಿಯ ತೋಳನ್ನು ಮೊಣಕೈಯವರೆಗೆ ಸರಿಸಿದರು. ಕಲೆ ನೋಡಿದರು. ತೋಳನ್ನು ಇಳಿಸಿ ಗುಂಡಿ ಹಾಕಿದರು.

“ಎಷ್ಟ ದಿನ ಆತು?”

ಅವರಿಗೆ ಇನ್ನೊಂದು ದನಿ ಇತ್ತು. ನನ್ನ ಕಿವಿಗೆ ಬಿಟ್ಟು ನೀಲವ್ವನಿಗೂ ಕೇಳದಷ್ಟು ತಗ್ಗಿದ ದನಿ.

ನಾನು ಕೋಟಿನ ಅಂಚಿನ ರಕ್ತದ ಹನಿಯನ್ನು ಹೆಬ್ಬೆರಳಿನಿಂದ ಮುಚ್ಚಿದೆ.

“ಇಪ್ಪತ್ತ ವರ್ಷ ಸುಳ್ಳ ಬ್ಯಾನಿ ತಂದು ಒದರಿದ್ರಿ. ಖರೇ ಬ್ಯಾನಿ ಬಂದಾಗ ಬಾಯಾಗ ಏನ್ ಇಟ್ಕೊಂಡಿದ್ರಿ? ನಾಳೆ ಬಾಟ್ಲಿ ತರಬ್ಯಾಡ್ರಿ. ಏಳಕ್ಕ, ಹಿಂದಿನ ಬಾಗಲಕ್ಕ ಬರ್ರಿ.”

ಆಮೇಲೆ ಓಣಿಯ ಕಡೆ ತಿರುಗಿ ತಮ್ಮ ಹಳೆಯ ದನಿಯಲ್ಲಿ, “ಬಗಲಾಗ ಬಿಗಿ ಐತಿ ಅಂದ್ರ ಕೇಳವಲ್ಲ ಈ ಮನಿಷ್ಯಾ!” ಎಂದು ಕೂಗಿ, ಕೋಟು ಕಳಚಿಟ್ಟು ಹೋದರು.

ಅಷ್ಟು ದಿನದ ದ್ವೇಷದಲ್ಲಿ ಆ ಗಳಿಗೆಯಷ್ಟು ನಾನು ಅವರನ್ನು ಯಾವತ್ತೂ ದ್ವೇಷಿಸಿರಲಿಲ್ಲ. ಸೇಡನ್ನು ಇನ್ನೂ ಅರ್ಧ ಹೊಲಿದಿದ್ದೆ, ಅಷ್ಟರಲ್ಲೇ ಕೈಯಿಂದ ಕಿತ್ತುಕೊಂಡು ಹೋದ ಹಾಗಾಯಿತು.

ಏಳು ಗಂಟೆಗೆ ಹಿಂದಿನ ಬಾಗಿಲಿನಿಂದ ಹೋದೆ. ಡಾಕ್ಟರು ಬಾಗಿಲು ಹಾಕಿಕೊಂಡರು. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಕೈಯನ್ನು ಅಲ್ಲಲ್ಲಿ ಮುಟ್ಟಿದರು.

“ಮುಟ್ಟಿದಾಗ ಹೂಂ ಅನ್ರಿ.”

ಹೂಂ. ಹೂಂ. ಹೂಂ. ಆಮೇಲೆ ಬಹಳ ಹೊತ್ತು ಕೋಣೆಯಲ್ಲಿ ಶಬ್ದವೇ ಇರಲಿಲ್ಲ. ಮುಟ್ಟುವುದನ್ನು ನಿಲ್ಲಿಸಿದ್ದಾರೆ ಎಂದುಕೊಂಡೆ. ಕಣ್ಣು ತೆರೆದಾಗ ಹತ್ತಿ ನನ್ನ ಕಿರುಬೆರಳ ಮೇಲೆಯೇ ಇತ್ತು.

ಮೊಣಕೈಯ ಹಿಂದೆ ನರವನ್ನು ಒತ್ತಿ ನೋಡಿದರು. ಕೈ ತೊಳೆದುಕೊಂಡರು. ನನ್ನ ಪಕ್ಕದಲ್ಲೇ, ಅದೇ ಬೆಂಚಿನ ಮೇಲೆ ಕುಳಿತರು.

“ಹೌದು ಬಸಣ್ಣ. ಅದ ಬ್ಯಾನಿ.”

ಕೋಣೆ ತಿರುಗಲಿಲ್ಲ. ಜೀವನವಿಡೀ ಈ ಮಾತಿಗೆ ಕಾಯುತ್ತಿದ್ದೆನಲ್ಲ, ಒಂದು ರೀತಿಯ ಸಮಾಧಾನವೇ ಆಯಿತು ಎಂದರೆ ನೀವು ನಗುತ್ತೀರಿ.

“ಇದು ಹರಡೂ ಜಾತೀದಲ್ಲ,” ಎಂದರು ಡಾಕ್ಟರು. “ಸುರುವಿನ್ಯಾಗ ಐತಿ. ಗುಳಗಿ ಅದಾವು. ವರ್ಷಗಟ್ಟಲೆ ನುಂಗಬೇಕು, ಒಂದ ದಿನಾನೂ ಬಿಡಬಾರ್ದು. ಮನ್ಯಾಗ ಗಂಗಾಳ ಬ್ಯಾರೆ ಮಾಡೀರೇನು?”

“ಹೂಂ.”

“ಒಟ್ಟುಗೂಡಸ್ರಿ ಇವತ್ತ.”

“ಹೊಲಿಗಿ?”

“ಹೊಲೀರಿ. ಇಸ್ತ್ರಿ ಹಿಡದಾಗ ಕಣ್ಣ ಬೆರಳಿನ ಮ್ಯಾಲಿರ್ಲಿ. ಆ ಬೆರಳಿಗೆ ಇನ್ನ ನೋವು ತಿಳಿಯೂದಿಲ್ಲ, ಅದರ ಸಲುವಾಗಿ ನೀವ ನೋಡ್ಕೋಬೇಕು.”

ಹೇಳಬೇಕಾದದ್ದು ಒಂದು ಉಳಿದಿತ್ತು. ಅದಕ್ಕಾಗಿ ಹಿಂದಿನ ದಿನದಿಂದ ಮಾತು ಜೋಡಿಸಿಕೊಂಡು ಬಂದಿದ್ದೆ. “ಸಾಹೇಬ್ರ, ಮೂರ ವಾರ ನಿಮ್ಮ ಕಂಪೌಂಡರು ನನ್ನ ಒಳಗ ಬಿಡಲಿಲ್ಲ. ಮೂರ ವಾರ ಮೊದ್ಲ ಬಂದಿದ್ರ ಈ ಬೆರಳ ಉಳೀತಿತ್ತು.”

ಡಾಕ್ಟರು ಕಲೆಯ ಮೇಲೆ ಬೆರಳಿಟ್ಟರು.

“ಇದು ಎಷ್ಟ ದಿನದ್ದು?”

“ಆರ ತಿಂಗಳದ್ದು.”

“ಆರ ತಿಂಗಳದಾಗ ನನ್ನ ಕಡೆ ಎಷ್ಟ ಸಲ ಬಂದ್ರಿ?”

ಲೆಕ್ಕ ಹಾಕಿದೆ. ಎದೆಗೆ ನಾಲ್ಕು. ತಲೆಗೆ ಮೂರು. ಕೆಮ್ಮಿಗೆ ಎರಡು.

“ಒಮ್ಮಿಯರ ಈ ತೋಳ ಮಡಚಿ ತೋರಿಸಿದ್ರಿ?”

ಇಲ್ಲ. ನಲವತ್ತು ರೋಗಗಳ ಚಿಂತೆ ಮಾಡಿದ್ದೆ. ಇದೊಂದಕ್ಕೆ ಲಿಂಬೆಹಣ್ಣು ಉಜ್ಜಿದ್ದೆ.

ಡಾಕ್ಟರು ನನ್ನ ತೋಳನ್ನು ಇಳಿಸಿ, “ನಾನೂ ಮಡಚ್ರಿ ಅನ್ನಲಿಲ್ಲ,” ಎಂದರು. “ನಿಮ್ಮ ಬಾಟ್ಲಿ ನೋಡಿದ ಕೂಡಲೇ ನಗು ಬರ್ತಿತ್ತು ನನಗ.”

ಮನೆಗೆ ಬಂದು ನೀಲವ್ವನನ್ನು ಕೂರಿಸಿ ಹೇಳಿದೆ. ಅವಳು ಅಳಲಿಲ್ಲ. ಎದ್ದು ಒಳಗೆ ಹೋದಳು. ಹೋದಳಲ್ಲ, ಇನ್ನು ತವರಿಗೆ ಗಂಟು ಕಟ್ಟುತ್ತಾಳೆ ಎಂದು ನನ್ನ ತಲೆ ಆಗಲೇ ಬಸ್ಸಿನ ಸಮಯ ನೋಡುತ್ತಿತ್ತು. ರೊಟ್ಟಿ ಪಲ್ಯ ಹಾಕಿಕೊಂಡು ನನ್ನ ಆ ಬೇರೆ ಗಂಗಾಳವನ್ನೇ ತಂದಳು. ನನ್ನ ಮುಂದೆ ಇಟ್ಟಳು. ಎದುರು ಕುಳಿತು, ಅದೇ ಗಂಗಾಳದಿಂದ ಒಂದು ತುತ್ತು ಮುರಿದು ತಾನು ತಿಂದಳು.

“ಇಷ್ಟ ದಿನ ನಾ ಏನ ತಪ್ಪ ಮಾಡೇನಿ ಅಂತ ಸಾಯಾಕತ್ತಿದ್ದೆ,” ಎಂದಳು. “ಉಣ್ರಿ.”

ಸಂಜೆ ಮಗಳು ಶಾಲೆಯಿಂದ ಬಂದಾಗ ನಾನು ಏಳಲಿಲ್ಲ. ಅವಳು ಒಂದು ಗಳಿಗೆ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಬಂದು ಬೆನ್ನಿಗೆ ಜೋತುಬಿದ್ದಳು.

ಈಗ ತಿಂಗಳಿಗೊಮ್ಮೆ ಕೆಂಪು ಚಿಂದಿಯ ಬಾಟಲಿಯನ್ನು ತೊಳೆದು ಒಣಗಿಸಿ ಕಟ್ಟೆಯ ಮೇಲೆ ಇಡುತ್ತೇನೆ. ಚನಮಲ್ಲಪ್ಪ ಅದನ್ನು ಎತ್ತುತ್ತಾರೆ. ನನ್ನನ್ನು ಏನೂ ಕೇಳುವುದಿಲ್ಲ. ಒಳಗೆ ಬಿಳಿ ಗುಳಿಗೆಗಳನ್ನು ತುಂಬಿ ಕಾಗದ ಸುತ್ತಿ, ಕಿಟಕಿಯಿಂದ ಇಡೀ ಪೇಟೆಗೆ ಕೇಳುವ ಹಾಗೆ ಕೂಗುತ್ತಾರೆ. “ಬಸಣ್ಣನ ಗ್ಯಾಸಿನ ಗುಳಗಿ! ಅವಲಕ್ಕಿ, ಸೂಸಲಾ ತಿನ್ನೂದ ಕಡಿಮಿ ಮಾಡ್ರಿ, ಮಂದಿ ಹತ್ತರ ಕುಂಡರಂಗಿಲ್ಲ!”

ಕಟ್ಟೆ ನಗುತ್ತದೆ. ನಾನು ತಲೆ ತಗ್ಗಿಸಿ ಬಾಟಲಿ ತೆಗೆದುಕೊಂಡು ಬರುತ್ತೇನೆ. ಆ ನಗು ಇರುವವರೆಗೆ ನನ್ನ ಅಂಗಡಿಯ ಬಾಗಿಲು ತೆರೆದಿರುತ್ತದೆ, ನನಗೆ ಗೊತ್ತಿದೆ. ಅವರಿಗೂ ಗೊತ್ತಿದೆ. ಇದಕ್ಕಾಗಿ ಅವರಿಗೆ ಕೈ ಮುಗಿಯಬೇಕು. ಆದರೂ ಗ್ಯಾಸೇ ಆಗಬೇಕಿತ್ತೇ? ಮೊಣಕಾಲುನೋವು ಎನ್ನಬಹುದಿತ್ತು. ಬಿ.ಪಿ. ಎನ್ನಬಹುದಿತ್ತು. ಅದಕ್ಕಾದರೂ ಒಂದು ಮರ್ಯಾದೆ ಇದೆ.

ಕಲೆ ಮೊದಲಿಗಿಂತ ಮಸುಕಾಗಿದೆ. ಬೆರಳು ಇನ್ನಷ್ಟು ಬಾಗಿಲ್ಲ. ದಿನಕ್ಕೆ ಹತ್ತು ಸಲ ನೋಡುತ್ತೇನೆ. ಇದೊಂದು ಚಿಂತೆಯನ್ನು ಡಾಕ್ಟರೇ ಅಪ್ಪಣೆ ಕೊಟ್ಟು ಮಾಡಿಸುತ್ತಿದ್ದಾರೆ, ಆದ್ದರಿಂದ ಉಳಿದ ಚಿಂತೆಗಳಿಗೆ ಪುರುಸೊತ್ತು ಸಿಗುತ್ತಿಲ್ಲ. ಎದೆ ಹಿಡಿದುಕೊಂಡು ಬಹಳ ದಿನಗಳಾದವು.

ಕೋಟಿನದು ಹೇಳಬೇಕು.

ಅಂಚಿನ ರಕ್ತದ ಹನಿಯನ್ನು ತಣ್ಣೀರಿನಲ್ಲಿ ತೊಳೆದು ತೆಗೆದೆ. ಬಗಲಿನ ಹೊಲಿಗೆ ಬಿಚ್ಚಿ ಅರ್ಧ ಇಂಚು ಬಿಡಬೇಕೆಂದು ಎರಡು ಸಲ ಬ್ಲೇಡು ಕೈಗೆ ತೆಗೆದುಕೊಂಡೆ. ಮೂರು ವಾರ ನೆನಪಾದವು. ಏಳು ಸಲದ ಭೇದಿ ನೆನಪಾಯಿತು. ಮಗಳು ಬೆನ್ನಿಗೆ ಬರುವುದನ್ನು ಬಿಟ್ಟ ದಿನ ನೆನಪಾಯಿತು. ಬ್ಲೇಡನ್ನು ತಿರುಗಿ ಇಟ್ಟು ಪಕ್ಕಾ ಹೊಲಿಗೆ ಹಾಕಿದೆ. ನೀಲವ್ವ ಕಾಜಾ ಹೊಲಿಯುತ್ತ ನೋಡಿದಳು.

ಮದುವೆಗೆ ಇಬ್ಬರೂ ಹೋಗಿದ್ದೆವು. ಕೋಟು ಅವರಿಗೆ ಒಪ್ಪಿತ್ತು, ನೋಡಿದವರೆಲ್ಲ ಯಾರು ಹೊಲಿದದ್ದೆಂದು ಕೇಳುತ್ತಿದ್ದರು. ಅಕ್ಕಿಕಾಳು ಹಾಕುವಾಗ ಎಲ್ಲರ ಕೈ ಮೇಲೆದ್ದಿತು. ಚನಮಲ್ಲಪ್ಪ ಎಡಮುಷ್ಟಿಯಲ್ಲಿ ಅಕ್ಕಿ ಹಿಡಿದುಕೊಂಡು ತೋಳು ಎತ್ತಲು ನೋಡಿದರು. ಎದೆಯ ಮಟ್ಟಕ್ಕೆ ಬಂದು ನಿಂತಿತು. ಮತ್ತೊಮ್ಮೆ ನೋಡಿದರು. ಆಮೇಲೆ ಜನರ ನಡುವೆ ನನ್ನನ್ನು ಹುಡುಕಿ ಒಂದು ನೋಟ ನೋಡಿ, ಅಕ್ಕಿಯನ್ನು ಬಲಗೈಗೆ ಬದಲಿಸಿಕೊಂಡು ಹಾಕಿದರು.

ನಾನು ಹೊಟ್ಟೆ ತುಂಬ ಉಂಡು ಬಂದೆ.

ಆ ಹೊಲಿಗೆಯ ಒಳಗೆ ಒಂದು ಇಂಚು ಬಟ್ಟೆಯನ್ನು ಕತ್ತರಿಸದೆ ಮಡಚಿ ಬಿಟ್ಟಿದ್ದೇನೆ. ಕೋಟು ತಂದುಕೊಟ್ಟರೆ ಗಳಿಗೆಯಲ್ಲಿ ಬಿಚ್ಚಿ ಸರಿಮಾಡಿ ಕೊಡುತ್ತೇನೆ. ಇವತ್ತೇ ಕೊಡುತ್ತೇನೆ, ನಾಳೆ ಎನ್ನುವುದಿಲ್ಲ. ಅವರು ಇನ್ನೂ ತಂದಿಲ್ಲ. ತರುತ್ತಾರೆ, ಅವರಿಗೆ ಮದುವೆಯಾಗದ ಎರಡನೆಯ ಮಗಳಿದ್ದಾಳೆ. ಬಂದು ಅಂಗಡಿಯ ಮುಂದೆ ನಿಂತಾಗ, ಪಾನಪಟ್ಟಿಯವರೆಗೂ ಕೇಳುವ ಹಾಗೆ ಒಂದೇ ಒಂದು ಮಾತು ಕೇಳುತ್ತೇನೆ.

ಏನ್ ತ್ರಾಸ?